ತಳವಾರನ ಹೆಗಲು

ಶನಿವಾರ ಮಧ್ಯಾಹ್ನ ಮಾತ್ರ ಒದಿಲಿಯಾಳಿಗೆ ಕುರ್ಚಿ ಸಿಗುತ್ತಿತ್ತು. ಉಳಿದ ದಿನವೆಲ್ಲ ಬಗ್ಗಿದ ಬೆನ್ನು.

ಸ್ಟ್ರಾಬೆರಿ ಗಿಡ ಮೊಣಕಾಲಿನವರೆಗೂ ಬೆಳೆಯುವುದಿಲ್ಲ. ಬೆಳಕು ಹರಿಯುವ ಮೊದಲೇ ಸಾಲಿಗಿಳಿಯಬೇಕು. ಎರಡು ಏರಿಗಳ ನಡುವೆ ಒಂದು ಪಾದ ಹಿಡಿಸುವಷ್ಟು ಜಾಗ, ಅದರಲ್ಲಿ ಕೆಸರು. ಅಲ್ಲಿ ಸೊಂಟ ಮಡಚಿ ನಿಂತು ಎರಡೂ ಕೈಯಲ್ಲಿ ಹಣ್ಣು ಕೀಳಬೇಕು. ಪೆಟ್ಟಿಗೆ ತುಂಬಿತೋ, ಹೊತ್ತುಕೊಂಡು ಸಾಲಿನ ತುದಿಗೆ ಓಡಬೇಕು. ನಡೆದರೆ ಮೇಸ್ತ್ರಿ ಬೈಯುತ್ತಾನೆ. ಓಡಿದರೂ ಬೈಯುತ್ತಾನೆ, ಹಣ್ಣು ಜಜ್ಜಿತು ಎಂದು. ಹದಿನಾಲ್ಕು ವರ್ಷ ಹೀಗೆ ಬಗ್ಗಿದ ಮೇಲೆ ಒದಿಲಿಯಾಳ ಬೆನ್ನಿಗೆ ಕುರ್ಚಿಗೆ ಒರಗುವುದೇ ಮರೆತುಹೋಗಿತ್ತು. ಒರಗಿದರೆ ನೋಯುತ್ತಿತ್ತು. ಅವಳು ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದಳು.

ಆ ಕುರ್ಚಿ ಇದ್ದದ್ದು ಹೊಲಗಳ ಪಕ್ಕದ ಪಟ್ಟಣ ಆಕ್ಸ್‌ನಾರ್ಡಿನ ಒಂದು ಶಾಲೆಯ ಊಟದ ಹಾಲ್‌ನಲ್ಲಿ. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ಮೇಜು ಹಾಕಿದ್ದರು. ಒಂದು ಸಂಘದವರು ವಕೀಲರನ್ನು ಕರೆಸಿ, ಯಾರಿಗೆ ಅರ್ಹತೆ ಇದೆ, ಯಾರಿಗೆ ಇಲ್ಲ ಎಂದು ಬಿಟ್ಟಿಯಾಗಿ ನೋಡಿ ಹೇಳುತ್ತಿದ್ದರು. 2014ರ ನವೆಂಬರಿನಲ್ಲಿ ದೇಶದ ಅಧ್ಯಕ್ಷರು ಟೀವಿಯಲ್ಲಿ ಬಂದು ಒಂದು ಮಾತು ಆಡಿದ್ದರು. ಕಾಗದಪತ್ರವಿಲ್ಲದೆ ಬಂದವರಲ್ಲಿ ಯಾರಿಗೆ ಈ ನೆಲದಲ್ಲಿ ಹುಟ್ಟಿದ ಮಕ್ಕಳಿದ್ದಾರೋ, ಯಾರು 2010ಕ್ಕೆ ಮೊದಲೇ ಬಂದು ಅಲ್ಲಿಂದೀಚೆಗೆ ಒಂದೇ ಸಮ ಇಲ್ಲೇ ಇದ್ದಾರೋ, ಯಾರ ಮೇಲೆ ದೊಡ್ಡ ಕೇಸಿಲ್ಲವೋ, ಅವರನ್ನು ಮೂರು ವರ್ಷ ಹೊರಗಟ್ಟುವುದಿಲ್ಲ. ಕೆಲಸ ಮಾಡಲು ಪರವಾನಗಿ ಕೊಡುತ್ತಾರೆ. ಅಷ್ಟೇ. ಪೌರತ್ವವಲ್ಲ, ಓಟಲ್ಲ. ಮೂರು ವರ್ಷ ಒದ್ದೋಡಿಸುವುದಿಲ್ಲ ಎಂಬುದೇ ವರ. ಅರ್ಧ ಆಯಸ್ಸು ಈ ದೇಶದ ಬಾಯಿಗೆ ಹಣ್ಣಿಟ್ಟವರು ಆ ವರಕ್ಕಾಗಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಸಾಲಾಗಿ ನಿಂತಿದ್ದರು.

ಸಾಲಿನಲ್ಲಿ ಬಹಳ ಮಂದಿ ಯುಕುಕಾನಿಯವರು. ಗಡಿಯಾಚೆ ಮೆಕ್ಸಿಕೊದ ಗುಡ್ಡಗಾಡಿನ ಊರು ಅದು. ಅವರ ಮನೆಮಾತು ಮಿಸ್ತೆಕೊ. ಸ್ಪ್ಯಾನಿಷ್ ಅವರಿಗೆ ಮೇಸ್ತ್ರಿಯ ಬೈಗುಳದಷ್ಟೇ ಗೊತ್ತು, ಇಂಗ್ಲಿಷ್ ಅಷ್ಟೂ ಇಲ್ಲ. ಒದಿಲಿಯಾ ಅದೇ ಊರಿನವಳು, ಸ್ಪ್ಯಾನಿಷ್ ಕಲಿತವಳು. ಅದಕ್ಕೇ ಸಂಘದವರು ಅವಳನ್ನು ಸ್ಪ್ಯಾನಿಷ್ ಬಲ್ಲ ವಕೀಲೆ ಮೆರೆಡಿತ್ ಪಕ್ಕ ಕೂರಿಸಿದ್ದರು. ಕೂರಿಸುವ ಮೊದಲು ಒಂದು ದಿನ ಪಾಠ ಹೇಳಿದ್ದರು. ಅವರು ಹೇಳಿದ್ದನ್ನು ಇವರಿಗೆ ಹೇಳು, ಇವರು ಹೇಳಿದ್ದನ್ನು ಅವರಿಗೆ ಹೇಳು. ಸೇರಿಸಬೇಡ, ಬಿಡಬೇಡ, ಸಲಹೆ ಕೊಡಬೇಡ. ನೀನು ನೀರಿನ ಪೈಪ್ ಇದ್ದ ಹಾಗೆ. ಪೈಪಿಗೆ ದಾಹವಾಗುವುದಿಲ್ಲ.

ಒದಿಲಿಯಾ ತಲೆಯಾಡಿಸಿದ್ದಳು. ಬಡವರಿಗೆ ಪಾಠ ಹೇಳುವಾಗ ತಲೆಯಾಡಿಸಿದರೆ ಬೇಗ ಮುಗಿಯುತ್ತದೆ.

ಜನವರಿ ಕೊನೆಯ ಒಂದು ಶುಕ್ರವಾರ, ಹೊಲದಲ್ಲಿ ಅವಳ ಪಕ್ಕದ ಸಾಲಿನಲ್ಲಿ ತೌರಿನೋ ಇದ್ದ. ಅವಳ ಅಪ್ಪನ ವಾರಿಗೆಯವನಲ್ಲ, ಅಪ್ಪನಿಗಿಂತ ಚಿಕ್ಕವನು. ಊರಿನ ವರಸೆಯಲ್ಲಿ ಮಾವ. ಐವತ್ತು ದಾಟಿತ್ತು. ಹೆಂಡತಿ ಎಪಿಫಾನಿಯಾ ಅದೇ ಹೊಲದಲ್ಲಿ ಹಣ್ಣು ಆರಿಸುತ್ತಿದ್ದಳು. ಮಗಳು ಯಾರೆಲಿ ಇಲ್ಲೇ ಹುಟ್ಟಿದವಳು, ಮೂರನೇ ಕ್ಲಾಸು. ಆ ದಿನ ತೌರಿನೋ ಬಗ್ಗಿದಲ್ಲೇ ಹಾಡು ಗುನುಗುತ್ತಿದ್ದ.

"ನಾಳೆ ನನ್ನ ಸರದಿ ಕಣವ್ವಾ" ಎಂದ. "ಆ ವಕೀಲಮ್ಮಂಗೆ ನೀನು ಸರ್ಯಾಗಿ ಹೇಳ್ಬೇಕು. ನಾನು ಹೇಳಿದ್ದ ಒಂದೂ ಬಿಡ್ಬಾರ್ದು."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಮಾವ. ಊರಿಗೆ ಹೋಗಿದ್ದ ಮಾತು ಎತ್ಬ್ಯಾಡ."

ತೌರಿನೋ ನಕ್ಕ. "ಅದ್ನೇ ಹೇಳ್ದೆ ಇನ್ನೇನ್ ಹೇಳ್ಲಿ? ಹಣ್ಣು ಕಿತ್ತೆ ಅಂತ್ಲಾ? ಹಣ್ಣು ಯಾವ ನಾಯಿ ಬೇಕಾದ್ರೂ ಕೀಳ್ತದೆ. ಊರ ಚಾಕರಿ ಮಾಡ್ದೋನು ನಾನು. ಒಂದ್ವರ್ಷ. ಅದ್ ಕೇಳಿದ್ಮ್ಯಾಕೆ ಯಾವ ಸರ್ಕಾರ ಬ್ಯಾಡ ಅಂತದೆ?"

ಅವನು ಹಾಗೆ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಯುಕುಕಾನಿಯಲ್ಲಿ ಮನೆ, ನೀರು, ಜೋಳದ ಹೊಲ, ಕೊನೆಗೆ ಗೋರಿಗೆ ಆರಡಿ ಮಣ್ಣು, ಎಲ್ಲ ಸಿಗುವುದು ಊರ ಚಾಕರಿ ಮಾಡಿದವನಿಗೆ. ಊರ ಸಭೆ ಹೆಸರು ಕರೆಯುತ್ತದೆ. ನೀನು ಎಲ್ಲಿದ್ದೀಯ ಎಂದು ಕೇಳುವುದಿಲ್ಲ. ಹೆಸರು ಬಂದ ಮೇಲೆ ಬರಬೇಕು, ಒಂದು ವರ್ಷ ಸಂಬಳವಿಲ್ಲದೆ ದುಡಿಯಬೇಕು. ಬಾರದವನ ಹೆಸರನ್ನು ಊರು ಅಳಿಸುತ್ತದೆ. 2011ರಲ್ಲಿ ತೌರಿನೋನನ್ನು ತಳವಾರಿಕೆಗೆ ಕರೆದರು. ಐದು ವರ್ಷದ ಮಗಳನ್ನು ಹೆಂಡತಿಯ ಕೈಗೆ ಕೊಟ್ಟು ಹೋದ. ವರ್ಷ ಮುಗಿಸಿ ಗಡಿಯ ಮರಳುಗಾಡಿನಲ್ಲಿ ನಡೆದು ವಾಪಸು ಬಂದ. ಬಂದಾಗ ಕಾಲಿನ ಉಗುರುಗಳು ಇರಲಿಲ್ಲ.

"ಮಾವ, ಇಲ್ಲಿ ಲೆಕ್ಕ ಬ್ಯಾರೆ..." ಎಂದು ಒದಿಲಿಯಾ ಬಾಯಿ ತೆರೆದಳು.

"ಏಯ್ ಕುಳ್ಳೀ!" ಮೇಸ್ತ್ರಿ ಚೆಮಾ ಸಾಲಿನ ತುದಿಯಿಂದ ಕೂಗಿದ. ಅವನೂ ಮೆಕ್ಸಿಕೊದವನೇ, ಆದರೆ ಬಯಲಿನವನು, ಉದ್ದ ಆಳು. ಗುಡ್ಡದವರೆಲ್ಲ ಅವನ ಕಣ್ಣಿಗೆ ಕುಳ್ಳರು, ಕಾಡು ಜನ. "ಮಾತಾಡಕ್ಕೆ ಕೂಲಿ ಕೊಡ್ತಾರೇನೇ ನಿಂಗೆ? ಏನದು ಕೊಟರ್ ಕೊಟರ್, ಕೋಳಿ ಕೂಗ್ದಂಗೆ? ಮನುಷ್ಯರ ಮಾತು ಬರಲ್ವಾ? ಮುದುಕಾ, ನೀನು ಆ ಕಡೆ ಹೊಲಕ್ಕೆ ನಡಿ."

ತೌರಿನೋ ಪೆಟ್ಟಿಗೆ ಎತ್ತಿಕೊಂಡು ನಡೆದ. ಮಾತು ಅಲ್ಲಿಗೇ ನಿಂತಿತು.

ಸಂಜೆ ಅವನ ಮನೆಗೆ ಹೋಗಿ ಹೇಳಬಹುದಿತ್ತು. ಎರಡೇ ಬೀದಿ. ಒದಿಲಿಯಾ ಹೋಗಲಿಲ್ಲ. ಸಲಹೆ ಕೊಡಬೇಡ ಎಂದಿದ್ದರಲ್ಲ. ಆ ಪಾಠ ಅವಳ ಕಾಲನ್ನು ಕಟ್ಟಿತು. ಇಲ್ಲೇ ಹುಟ್ಟಿದ ಮಗ ಎದ್ವಿನ್‌ಗೆ ಬೀನ್ಸು ಬೇಯಿಸಿ ಹಾಕಿದಳು, ತೊರ್ತಿಯಾ ರೊಟ್ಟಿ ತಟ್ಟಿದಳು, ಮಲಗಿದಳು. ಗುಲಾಮರಿಗೆ ನಿಯಮದ ಮೇಲೆ ಒಡೆಯರಿಗಿಂತ ಹೆಚ್ಚು ಭಕ್ತಿ.

ಶನಿವಾರ ತೌರಿನೋ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎಪಿಫಾನಿಯಾ ಪಕ್ಕದಲ್ಲಿ. ಯಾರೆಲಿ ತಂದೆಯ ಟೊಪ್ಪಿಗೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಮೆರೆಡಿತ್ ನಗುನಗುತ್ತ ಕೈ ಕುಲುಕಿದಳು. ಒಳ್ಳೆಯ ಹೆಂಗಸು. ಬೆಳಗಿನಿಂದ ಊಟವಿಲ್ಲದೆ ಕೂತಿದ್ದಳು.

ಪ್ರಶ್ನೆಗಳು ಸಲೀಸಾಗಿ ಸಾಗಿದವು. ಯಾವಾಗ ಬಂದಿರಿ? ಯಾರೆಲಿ ಹುಟ್ಟುವುದಕ್ಕೂ ಮೊದಲು. ಪೊಲೀಸರು ಹಿಡಿದಿದ್ದರಾ? ಇಲ್ಲ. ಕುಡಿದು ಗಾಡಿ ಓಡಿಸಿದ್ದೀರಾ? ಗಾಡಿಯೇ ಇಲ್ಲ. ಮೆರೆಡಿತ್ ಮುಖ ಅರಳುತ್ತ ಹೋಯಿತು.

"ಚೆನ್ನಾಗಿದೆ. ಇನ್ನೊಂದು ಕೇಳಿ. 2010ರಿಂದ ಈಚೆಗೆ ಈ ದೇಶ ಬಿಟ್ಟು ಹೊರಗೆ ಹೋಗಿದ್ರಾ?"

ಒದಿಲಿಯಾ ಅದನ್ನು ಮಿಸ್ತೆಕೊದಲ್ಲಿ ಕೇಳಿದಳು. ಪೈಪಿಗೆ ದಾಹವಾಗಿತ್ತು.

ತೌರಿನೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿಕೊಂಡ. ಹಾಲ್‌ನಲ್ಲಿದ್ದ ಯುಕುಕಾನಿಯವರಿಗೆ ಕೂಡಲೇ ಗೊತ್ತಾಯಿತು. ಊರಿನಲ್ಲಿ ಚಾಕರಿ ಮುಗಿಸಿದವನು ಸಭೆಯ ಮುಂದೆ ಹೀಗೆ ಬರಿತಲೆಯಲ್ಲಿ ನಿಂತು ತನ್ನ ವರ್ಷವನ್ನು ಒಪ್ಪಿಸಬೇಕು. ಸಭೆಯೂ ಬರಿತಲೆಯಲ್ಲಿ ನಿಂತು ಕೇಳಬೇಕು. ಕೇಳಿ, ಒಪ್ಪಿದರೆ, 'ಕೇಳಿದೆವು' ಎನ್ನುತ್ತದೆ. ಆ ಒಂದು ಮಾತೇ ವರ್ಷದ ಸಂಬಳ. ಸಾಲಿನಲ್ಲಿದ್ದ ಗಂಡಸರು ಟೊಪ್ಪಿಗೆ ತೆಗೆದರು. ಕೂತಿದ್ದ ಹೆಂಗಸರು ಎದ್ದರು. ಮೆರೆಡಿತ್ ಪೆನ್ನು ಹಿಡಿದು ಸುತ್ತ ನೋಡಿದಳು, ಏನೋ ಪ್ರಾರ್ಥನೆ ಇರಬೇಕು ಎಂಬಂತೆ.

"ನಾನು ತೌರಿನೋ. ಊರು ಕರೀತು. ಹೋದೆ" ಎಂದು ತೌರಿನೋ ಮಿಸ್ತೆಕೊದಲ್ಲಿ ಶುರು ಮಾಡಿದ. ದನಿ ಏರಿಸಲಿಲ್ಲ. "ಒಂದ್ವರ್ಷ ತಳವಾರ್ಕೆ ಮಾಡ್ದೆ. ರಾತ್ರಿ ಊರು ಕಾದೆ. ಕುಡ್ದು ಹೊಡ್ದಾಡ್ದೋರ್ನ ಹಿಡ್ದು ಕೂಡಾಕ್ದೆ, ಅವ್ರ ಹೆಂಡ್ರು ಬೈದ್ರು, ಬೈಸ್ಕೊಂಡೆ. ಗುಡ್ಡ ಜರುಗಿ ದಾರಿ ಮುಚ್ಚೋಯ್ತು, ಮಣ್ಣೆತ್ತಿದೆ. ನೀರಿನ ಕೊಳವೆ ಒಡೀತು, ಕಟ್ದೆ. ಊರಲ್ಲಿ ಹೆಗ್ಲು ಕೊಡಕ್ಕೆ ಗಂಡಸ್ರಿರ್ಲಿಲ್ಲ, ಎಲ್ಲಾ ಇಲ್ಲಿದ್ರು. ಸತ್ತೋರ್ನ ನಾನೇ ಹೊತ್ತೆ. ಅದ್ರಲ್ಲಿ ಒಬ್ಬ ಇವಳಪ್ಪ."

ಅವನು ಗಲ್ಲ ಎತ್ತಿ ಒದಿಲಿಯಾಳ ಕಡೆ ತೋರಿಸಿದ.

"ಯಾರ್ದೂ ಒಂದು ತೆನೆ ಕದೀಲಿಲ್ಲ. ಯಾರ್ನೂ ಅನಾಥ ಹೆಣ ಮಾಡ್ಲಿಲ್ಲ. ಸಾಕ್ಷಿ ಬೇಕಂದ್ರೆ ಇಲ್ಲಿರೋರೆಲ್ಲ ಹೇಳ್ತಾರೆ. ಹಿಂಗೆ ನಡ್ಕೊಂಡೋನು ಇಲ್ಲೂ ಹಂಗೇ ನಡ್ಕೊಂತೀನಿ ಅಂತ ಆಯಮ್ಮಂಗೆ ಹೇಳು."

ಮೆರೆಡಿತ್ ಒದಿಲಿಯಾಳ ಮುಖ ನೋಡಿದಳು. "ಏನಂತೆ?"

ಅಪ್ಪ ಸತ್ತ ದಿನ ಒದಿಲಿಯಾ ಸಾಲಿನಲ್ಲಿದ್ದಳು. ಫೋನು ಬಂತು. ಚೆಮಾನ ಹತ್ತಿರ ಹೋಗಿ, ಇವತ್ತೊಂದು ದಿನ ಬಿಡಿ, ಅಳಬೇಕು ಎಂದಳು. ನಿಜಕ್ಕೂ ಹಾಗೇ ಕೇಳಿದ್ದಳು, ಅಳಬೇಕು ಎಂದು. "ಹೆಣ ಎಲ್ಲೂ ಓಡಿ ಹೋಗಲ್ಲ, ಹಣ್ಣು ಕೊಳೆಯುತ್ತೆ" ಎಂದ ಚೆಮಾ. ಅವಳು ಸಂಜೆಯವರೆಗೂ ಕಿತ್ತಳು. ಊರಿಗೆ ಹೋದರೆ ವಾಪಸು ಬರುವುದು ಹೇಗೆ? ಗಂಡ ಎಂದೋ ಬಿಟ್ಟುಹೋಗಿದ್ದ. ಎದ್ವಿನ್ ಚಿಕ್ಕವನು. ಅಣ್ಣತಮ್ಮಂದಿರು ಮೂವರೂ ಈ ಕಡೆಯೇ, ಒಬ್ಬೊಬ್ಬ ಒಂದೊಂದು ಹೊಲದಲ್ಲಿ. ಯಾರೂ ಹೋಗಲಿಲ್ಲ. ದಾರಿ ಮುಚ್ಚಿಹೋಗಿತ್ತಂತೆ, ತೌರಿನೋ ಮಾವ ಹೊತ್ತನಂತೆ ಎಂದು ಸುದ್ದಿ ಬಂದಿತ್ತು. ಆಮೇಲೆ ಅವನು ಮರಳಿ ಬಂದ. ಎರಡು ವರ್ಷಕ್ಕೂ ಮೇಲೆ ಪಕ್ಕದ ಸಾಲಿನಲ್ಲೇ ಹಣ್ಣು ಕೀಳುತ್ತಿದ್ದ. ಹೇಗೆ ಹೊತ್ತೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳಲು ಮುಖವಿರಲಿಲ್ಲ.

ಈಗ ಆ ಇಡೀ ವರ್ಷ ಅವಳ ಬಾಯಲ್ಲಿತ್ತು. ಅವಳು ಅದನ್ನು ಸ್ಪ್ಯಾನಿಷ್‌ನಲ್ಲಿ ಹೊರಗೆ ಹಾಕಿದರೆ ಈ ಮನುಷ್ಯನ ಕತೆ ಮುಗಿಯಿತು. ನುಂಗಿದರೆ ಅವನು ಉಳಿದ.

"ಇಲ್ಲ" ಎಂದಳು ಒದಿಲಿಯಾ. "ಎಲ್ಲಿಗೂ ಹೋಗಿಲ್ಲವಂತೆ."

ಸ್ಪ್ಯಾನಿಷ್ ಬಾರದವನಿಗೂ ಇಲ್ಲ ಎಂಬ ಮಾತು ಬರುತ್ತದೆ. ಕೂಲಿಯವನು ಮೊದಲು ಕಲಿಯುವುದೇ ಅದನ್ನು. ತೌರಿನೋನ ಮುಖ ಕಪ್ಪಿಟ್ಟಿತು.

"ಇಲ್ಲ ಅಂದ್ಯಾ?"

"ಮಾವ, ಕೂತ್ಕೋ. ಆಮೇಲೆ ಹೇಳ್ತೀನಿ."

"ಇಷ್ಟುದ್ದ ಹೇಳ್ದೆ, ನೀನು ಇಲ್ಲ ಅಂದ್ಯಾ? ನಾನು ಹೋಗೇ ಇಲ್ಲ ಅಂದ್ಯಾ? ಊರ ಮುಂದೆ?" ಅವನು ಒಂದು ಹೆಜ್ಜೆ ಮುಂದೆ ಬಂದ. "ನಾನು ಹೋಗಿಲ್ಲ ಅಂದ್ರೆ ನಿನ್ನಪ್ಪನ್ನ ಮಣ್ಣು ಮಾಡ್ದೋನ್ ಯಾರೇ?"

ಎಪಿಫಾನಿಯಾ ಅವನ ಅಂಗಿ ಹಿಡಿದು ಎಳೆದಳು. "ಕೂತ್ಕೊಳ್ಳೋ, ನಿನ್ ದಮ್ಮಯ್ಯ, ಕೂತ್ಕೋ." ಅವಳಿಗೆ ಅರ್ಥವಾಗಿತ್ತು. ಅವಳು ಹೆಂಗಸು, ಸರ್ಕಾರಗಳ ಬುದ್ಧಿ ಅವಳಿಗೆ ಬೇಗ ತಿಳಿಯುತ್ತಿತ್ತು. ತೌರಿನೋ ಅಂಗಿ ಬಿಡಿಸಿಕೊಂಡ. ಮೆರೆಡಿತ್ ಕಡೆ ತಿರುಗಿ ತನಗೆ ಗೊತ್ತಿದ್ದ ನಾಲ್ಕು ಸ್ಪ್ಯಾನಿಷ್ ಮಾತನ್ನು ಒಂದೊಂದಾಗಿ ಇಟ್ಟ.

"ಹೌದು. ಹೋದೆ. ನಮ್ಮ ಊರು. ಒಂದು ವರ್ಷ."

ಮೆರೆಡಿತ್ ಪೆನ್ನು ಕೆಳಗಿಟ್ಟಳು.

ಅವಳು ಒದಿಲಿಯಾಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಕೇಳಿಸ್ಕೊಂಡುಬಿಟ್ಟೆ" ಎಂದಳು. "ಕೇಳಿಸ್ಕೊಂಡಿಲ್ಲ ಅನ್ನಕ್ಕಾಗಲ್ಲ. ಒಂದೇ ಸಮ ಇಲ್ಲೇ ಇರಬೇಕಿತ್ತು. ಇವರಿಗೆ ಆಗಲ್ಲ ಅಂತ ಹೇಳಿ. ಹೆಂಡತಿಗೆ ಆಗುತ್ತೆ. ಇವರಿಗೆ ಆಗಲ್ಲ."

ಒದಿಲಿಯಾ ಹೇಳಿದಳು. ತೌರಿನೋ ನಂಬಲಿಲ್ಲ.

"ಜನ ಊರಿಗೆ ಹೋಗ್ಬಾರ್ದಾ? ಯಾರೂ ಹೋಗ್ಬಾರ್ದಾ?"

ಮೆರೆಡಿತ್ ನಿಯಮ ವಿವರಿಸಿದಳು. ಕೆಲವು ಸಲ ಹೋಗಿ ಬಂದದ್ದನ್ನು ಮಾಫಿ ಮಾಡುತ್ತಾರೆ. ಅದು ಚಿಕ್ಕದಿರಬೇಕು, ಸುಮ್ಮನೆ ಹೋದದ್ದಾಗಿರಬೇಕು, ನಿರ್ದೋಷವಾಗಿರಬೇಕು. ಕಾನೂನಿನ ಮಾತೇ ಅದು. ಒದಿಲಿಯಾ ಆ ಮೂರೂ ಮಾತನ್ನು ಮಿಸ್ತೆಕೊಗೆ ತಂದಳು. ತರುವಾಗ ಅವಳ ನಾಲಿಗೆ ಕಹಿಯಾಯಿತು.

ತೌರಿನೋ ಒಂದೊಂದನ್ನೂ ಜಗಿದ. "ಸುಮ್ಕೆ ಹೋಗಿ ಬಂದ್ರೆ ಮಾಫಿ. ಕೆಲಸ ಇಟ್ಕೊಂಡು ಹೋದ್ರೆ ತಪ್ಪು. ಅಲ್ವಾ? ಹೆಂಡ ಕುಡ್ಯಕ್ಕೆ ಹೋಗಿದ್ರೆ ಆಗ್ತಿತ್ತು. ಹೆಣ ಹೊರಕ್ಕೆ ಹೋಗಿದ್ದು ದೋಷ."

"ಏನಂತಾರೆ?" ಎಂದಳು ಮೆರೆಡಿತ್.

"ಏನಿಲ್ಲ" ಎಂದಳು ಒದಿಲಿಯಾ.

"ಇನ್ನೊಂದು ಹೇಳಿಬಿಡಿ. ಹೋಗಿ ಮತ್ತೆ ಗಡಿ ದಾಟಿ ಬಂದಿರೋದು ಇನ್ನೂ ದೊಡ್ಡ ತೊಂದರೆ. ಆ ವರ್ಷದ ವಿಷಯ ಇನ್ಮೇಲೆ ಯಾರ ಮುಂದೆಯೂ ಬಾಯಿ ಬಿಡಬಾರದು. ಯಾರ ಮುಂದೆಯೂ."

ಅದನ್ನೂ ಹೇಳಿದಳು. ತೌರಿನೋ ಮಗಳ ಕೈಯಿಂದ ಟೊಪ್ಪಿಗೆ ತೆಗೆದುಕೊಂಡು ತಲೆಗಿಟ್ಟುಕೊಂಡ. ಒದಿಲಿಯಾಳ ಕಡೆ ನೋಡಲಿಲ್ಲ. ಹಾಲ್‌ನಲ್ಲಿ ನಿಂತಿದ್ದ ಊರವರು ದಾರಿ ಬಿಟ್ಟರು. 'ಕೇಳಿದೆವು' ಎಂದು ಯಾರೂ ಹೇಳಲಿಲ್ಲ. ಅವರಲ್ಲಿ ಚಾಕರಿಗೆ ಹೋಗಿ ಬಂದ ಇನ್ನೂ ಕೆಲವರಿದ್ದರು. ಅವರು ಮೆಲ್ಲಗೆ ಸಾಲು ಬಿಟ್ಟು, ಒಬ್ಬರ ಹಿಂದೊಬ್ಬರು ಬಾಗಿಲ ಕಡೆ ನಡೆದರು. ಊರಿನ ಮರ್ಯಾದಸ್ಥರೆಲ್ಲ ಹೊರಗೆ ಹೋದರು. ಊರು ಕರೆದಾಗ ಕಿವಿ ಮುಚ್ಚಿಕೊಂಡವರು ಸಾಲಿನಲ್ಲಿ ಉಳಿದರು.

ಸಂಜೆ ಜನರೆಲ್ಲ ಹೋದ ಮೇಲೆ ಮೆರೆಡಿತ್ ಅವಳಿಗೆ ಒಂದು ಲೋಟ ಕಾಫಿ ಕೊಟ್ಟಳು. "ನೀವು ಸುಳ್ಳು ಹೇಳಬಾರದಿತ್ತು ಒದಿಲಿಯಾ. ನನಗೆ ಅರ್ಥ ಆಗುತ್ತೆ, ಆದರೂ. ಇರಲಿ. ನಿಮ್ಮದೂ ಇವತ್ತೇ ಮುಗಿಸೋಣ." ಅದೇ ಪ್ರಶ್ನೆಗಳನ್ನು ಕೇಳಿದಳು. ಕೊನೆಯದಕ್ಕೆ ಒದಿಲಿಯಾ ಹೋಗಿಲ್ಲ ಎಂದಳು. ಅದು ನಿಜವಾಗಿತ್ತು.

"ಒಂದು ದಿನವೂ?"

"ಒಂದು ದಿನವೂ."

"ನೋಡಿ, ಇಷ್ಟು ಸ್ವಚ್ಛವಾದ ಕೇಸು ನಾನು ಈ ತಿಂಗಳಲ್ಲೇ ನೋಡಿಲ್ಲ." ಮೆರೆಡಿತ್ ದಣಿದ ಮುಖದಲ್ಲೇ ನಕ್ಕಳು. "ಮುಂದಿನ ವಾರ ಪತ್ರಿಕೆಯವರು ಬರ್ತಾರೆ. ನಿಮ್ಮಂಥವರು ಒಬ್ಬರು ಮಾತಾಡಿದರೆ ಜನಕ್ಕೆ ಧೈರ್ಯ ಬರುತ್ತೆ. ಒಂದು ಮಾದರಿ."

ಒದಿಲಿಯಾ ಕಾಫಿ ಲೋಟ ಮೇಜಿನ ಮೇಲಿಟ್ಟಳು.

"ಅಪ್ಪ ಸತ್ತಾಗ ಹೋಗ್ಲಿಲ್ಲ. ಅದಕ್ಕೇ ಸ್ವಚ್ಛ" ಎಂದಳು. "ಆ ಮನುಷ್ಯ ಹೋದ. ನನ್ನಪ್ಪನ್ನ ಹೊತ್ತ. ಅವನ ಮೈಗೆ ಮಣ್ಣು ಹತ್ತಿದೆ, ಅದಕ್ಕೆ ಅವನು ಕೊಳಕು. ನಾನು ಹೆಗಲು ಕೊಡದೆ ಉಳಿದೋಳು, ನಾನು ಮಾದರಿ. ಇದನ್ನ ಎಲ್ಲಿ ಬರೀತೀರಿ?"

"ಅದಕ್ಕೆ ಜಾಗ ಇಲ್ಲ ಒದಿಲಿಯಾ. ಮತ್ತೆ, ಬರೆದರೆ ಅವರಿಗೇ ಕುತ್ತು."

ಅದೂ ನಿಜವಾಗಿತ್ತು. ಉಪಕಾರ ಮಾಡಿದವನ ಹೆಸರು ಹೇಳಿದರೆ ಅವನ ಕೊರಳಿಗೇ ಹಗ್ಗ. ಒದಿಲಿಯಾ ಎದ್ದಳು.

"ನನ್ನ ಅರ್ಜಿ ಬರೀರಿ. ನನ್ಗೆ ಮಗ ಇದ್ದಾನೆ, ಬ್ಯಾಡ ಅನ್ನಕ್ಕಾಗಲ್ಲ. ಆದ್ರೆ ಪತ್ರಿಕೆಯವ್ರ ಮುಂದೆ ನಿಂತು ನಗಲ್ಲ. ಈ ಕುರ್ಚೀಲಿ ಇನ್ನು ಕೂರಲ್ಲ. ಇವತ್ತು ಪೈಪ್ ಒಡೀತು."

ಮೆರೆಡಿತ್ ಏನೋ ಹೇಳಲು ಹೋದಳು. ಒದಿಲಿಯಾ ನಿಲ್ಲಲಿಲ್ಲ.

ಆಮೇಲೆ ಹೊಲದಲ್ಲಿ ತೌರಿನೋ ಅವಳ ಪಕ್ಕದ ಸಾಲು ಹಿಡಿಯುತ್ತಿರಲಿಲ್ಲ. ಎದುರು ಬಂದರೆ ಪೆಟ್ಟಿಗೆ ಇನ್ನೊಂದು ಹೆಗಲಿಗೆ ಬದಲಿಸಿ ಮುಖ ಮರೆಸಿಕೊಳ್ಳುತ್ತಿದ್ದ. ಅವನ ಮನೆಯೊಳಗೂ ಗೋಡೆ ಎದ್ದಿತ್ತು. ಇರಬಹುದಾದವರು ಇಬ್ಬರು, ಇರಬಾರದವನು ಒಬ್ಬ. ಅಪ್ಪನನ್ನು ಯಾವತ್ತು ಕರೆದುಕೊಂಡು ಹೋಗುತ್ತಾರೆ ಎಂದು ಯಾರೆಲಿ ದಿನಾ ಕೇಳುತ್ತಾಳಂತೆ. ಎಪಿಫಾನಿಯಾ ಒದಿಲಿಯಾಳ ಹತ್ತಿರ ಬಂದು ಅತ್ತಳು. "ನೀನು ಒಳ್ಳೇದಕ್ಕೇ ಇಲ್ಲ ಅಂದೆ, ನನ್ಗೊತ್ತು. ಅವನ್ಗೂ ಈಗ ಗೊತ್ತು. ಆದ್ರೂ ಅವನ್ಗೆ ಅದು ಇಳೀತಿಲ್ಲ. ಇವ್ರು ಇರಕ್ಕೆ ಬಿಡ್ಲಿಲ್ಲ ಅಂತ ನೋವಿಲ್ಲ ಕಣೆ ಅವನ್ಗೆ. ನೀನು ಇಲ್ಲ ಅಂದಿದ್ದೇ ನೋವು."

ಫೆಬ್ರವರಿಯಲ್ಲಿ, ಇನ್ನೂ ಒಂದು ಅರ್ಜಿಯೂ ಸರ್ಕಾರದ ಕೈ ಸೇರುವ ಮೊದಲೇ, ದೂರದ ಟೆಕ್ಸಸ್‌ನಲ್ಲಿ ಒಬ್ಬ ನ್ಯಾಯಾಧೀಶ ಇಡೀ ಯೋಜನೆಯನ್ನೇ ತಡೆದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮೆರೆಡಿತ್ ಬರೆದ ಅರ್ಜಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ಸ್ವಚ್ಛವಾದದ್ದೂ ಉಳಿಯಿತು.

ಮಾರನೆಯ ಬೆಳಿಗ್ಗೆ ಚೆಮಾ ಬಹಳ ಖುಷಿಯಲ್ಲಿದ್ದ. ಸಾಲುಗಳ ನಡುವೆ ಓಡಾಡುತ್ತ ಹಾಡಿದ. "ಎಲ್ರೋ ನಿಮ್ಮ ಪರವಾನಗಿ? ಇಟ್ಟಿದ್ರಾ ಮಡಚಿ ಜೇಬಲ್ಲಿ? ಆಳು ಆಳಾಗೇ ಇರ್ಬೇಕು ಕುಳ್ಳರಾ. ಬಗ್ಗಿ. ಇವತ್ತು ಲಾರಿ ಬೇಗ ಬರುತ್ತೆ."

ಎಲ್ಲರೂ ಬಗ್ಗಿದರು. ಆ ದಿನ ಸಾಲು ಹಂಚುವಾಗ ತೌರಿನೋಗೆ ಒದಿಲಿಯಾಳ ಪಕ್ಕವೇ ಬಂದಿತ್ತು. ಅವಳು ಹಣ್ಣು ಕೀಳುತ್ತಲೇ ಅಂದಳು.

"ಈಗ ಎಲ್ರೂ ಒಂದೇ ಆದ್ವಿ ಮಾವ."

ಅವನು ಕೀಳುತ್ತಲೇ ಇದ್ದ. ಪೆಟ್ಟಿಗೆ ತುಂಬಿತು. ಎತ್ತಿಕೊಂಡು ಎದ್ದ.

"ಒಂದೇ ಅಲ್ಲ. ನೀನು ಇಲ್ಲ ಅಂದೋಳು."

ಅವನು ತುದಿಗೆ ಓಡಿದ. ಐವತ್ತು ದಾಟಿದ ಮನುಷ್ಯ, ಕೆಸರಿನಲ್ಲಿ ಓಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಒದಿಲಿಯಾ ಸಾಲಿನ ನಡುವೆ ಎಂದೂ ನೆಟ್ಟಗೆ ನಿಂತಿರಲಿಲ್ಲ. ಈಗ ನಿಂತಳು. ಬೆನ್ನುಮೂಳೆ ಒಂದೊಂದೇ ಗಂಟು ನೊಂದು ನೇರವಾಯಿತು. ಟೊಪ್ಪಿಗೆ ತೆಗೆದಳು. ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿದಳು.

"ನಾನು ಒದಿಲಿಯಾ" ಎಂದು ಮಿಸ್ತೆಕೊದಲ್ಲಿ ಕೂಗಿ ಹೇಳಿದಳು. "ತೌರಿನೋನ ವರ್ಷವನ್ನ ಒಪ್ಪಿಸ್ತೀನಿ. ಕೇಳ್ರಿ."

ಸಾಲುಗಳಲ್ಲಿ ಕೈಗಳು ನಿಂತವು.

"ಊರು ಕರೀತು, ಅವನು ಹೋದ. ರಾತ್ರಿ ಊರು ಕಾದ. ಜರುಗಿದ ಗುಡ್ಡದ ಮಣ್ಣೆತ್ತಿದ. ನನ್ನಪ್ಪಂಗೆ ನಾಲ್ಕು ಮಕ್ಳು, ನಾಲ್ಕೂ ಜನ ಹೋಗ್ಲಿಲ್ಲ. ತೌರಿನೋ ಹೊತ್ತ. ಅವನು ಹೊತ್ತಿದ್ರಿಂದ ನನ್ನಪ್ಪ ಮಣ್ಣಾದ. ಆವತ್ತು ಬ್ಯಾರೆ ಮಾತಲ್ಲಿ ಇಲ್ಲ ಅಂದೆ. ನಮ್ಮ ಮಾತಲ್ಲಿ ಹೌದು ಅಂತೀನಿ. ಹೌದು. ಅವನು ಹೋಗಿದ್ದ."

ಒಬ್ಬ ಮುದುಕಿ ಎದ್ದು ನಿಂತಳು. ಅವಳ ಹಿಂದೆ ಇಬ್ಬರು. ಆಮೇಲೆ ಸಾಲು ಸಾಲೇ ಎದ್ದಿತು. ಗಂಡಸರು ಟೊಪ್ಪಿಗೆ ತೆಗೆದರು. ತೌರಿನೋ ಸಾಲಿನ ತುದಿಯಲ್ಲಿ ಪೆಟ್ಟಿಗೆ ಹೊತ್ತುಕೊಂಡೇ ನಿಂತಿದ್ದ, ಇಳಿಸುವುದು ಮರೆತು.

"ಏಯ್! ಏನಾಗಿದೆ ನಿಮ್ಗೆ?" ಚೆಮಾ ಓಡಿ ಬಂದ. "ಬಗ್ಗಿ! ಬಗ್ರೋ ಅಂದ್ರೆ! ಲಾರಿ ಬರುತ್ತೆ!" ಯಾರೂ ಬಗ್ಗಲಿಲ್ಲ. ಚೆಮಾ ಹತ್ತಿರವಿದ್ದ ಒಬ್ಬನ ಕತ್ತಿನ ಮೇಲೆ ಕೈಯಿಟ್ಟು ತಳ್ಳಿದ. ಅವನು ಮುಗ್ಗರಿಸಿ ಮತ್ತೆ ನೆಟ್ಟಗೆ ನಿಂತ. ಇಷ್ಟು ಜನ ಒಟ್ಟಿಗೆ ನೆಟ್ಟಗೆ ನಿಂತದ್ದನ್ನು ಚೆಮಾ ಎಂದೂ ಕಂಡಿರಲಿಲ್ಲ. ಅವರು ಅಷ್ಟೇನೂ ಕುಳ್ಳರಾಗಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಮುದುಕಿ ಮೊದಲು ಹೇಳಿದಳು. ಆಮೇಲೆ ಎಲ್ಲರೂ ಒಟ್ಟಿಗೆ.

"ಕೇಳಿದೆವು."

ಅಷ್ಟೇ. ಅವರು ಟೊಪ್ಪಿಗೆ ಹಾಕಿಕೊಂಡು ಮತ್ತೆ ಬಗ್ಗಿದರು. ಬಗ್ಗದೆ ಉಪಾಯವಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಹೊಟ್ಟೆಗಳಿದ್ದವು.

ಚೆಮಾಗೆ ಅವರ ಮಾತು ಅರ್ಥವಾಗಿರಲಿಲ್ಲ, ಆದರೆ ಯಾರಿಂದ ಶುರುವಾಯಿತು, ಯಾರ ಕಡೆ ಎಲ್ಲರ ಕಣ್ಣು ಹೋಯಿತು ಎಂಬುದು ಅರ್ಥವಾಗಿತ್ತು. ಒದಿಲಿಯಾಳನ್ನೂ ತೌರಿನೋನನ್ನೂ ಕರೆದ. "ನೀವಿಬ್ರೂ ಹೊರಡಿ. ನಾಳೆ ಬರೋದು ಬೇಡ. ಯಾರಿಗಾದ್ರೂ ದೂರು ಕೊಡ್ತೀರೋ, ಕೊಡಿ. ನೀವು ಯಾರು ಅಂತ ಮೊದ್ಲು ಅವರಿಗೆ ಹೇಳ್ಬೇಕಾಗುತ್ತೆ, ನೆನಪಿರ್ಲಿ." ಅವನು ನಕ್ಕ. ಅವನ ನಗುವಿನ ಹಿಂದೆ ಇಡೀ ದೇಶವಿತ್ತು.

ಇಬ್ಬರೂ ರಸ್ತೆಯ ಅಂಚಿನಲ್ಲಿ ನಡೆದರು. ಹೊಲಕ್ಕೆ ಕರೆತಂದ ವ್ಯಾನು ಸಂಜೆಯವರೆಗೆ ಹೊರಡುವುದಿಲ್ಲ. ಬಸ್ಸಿನ ದಾರಿ ದೂರ. ತೌರಿನೋನ ಕೈಯಲ್ಲಿ ಬುತ್ತಿ, ಒಳಗೆ ಮುಟ್ಟದ ತೊರ್ತಿಯಾ. ಕಾರುಗಳು ಅವರನ್ನು ಸವರಿಕೊಂಡು ಹೋಗುತ್ತಿದ್ದವು. ಪೊಲೀಸರ ಗಾಡಿಯೊಂದು ಎದುರಿನಿಂದ ಬಂದು ನಿಧಾನಿಸಿತು. ಒದಿಲಿಯಾಳ ತಲೆ ತಾನಾಗಿ ತಗ್ಗಿತು. ತೌರಿನೋ ತಗ್ಗಿಸಲಿಲ್ಲ. ಗಾಡಿ ಮುಂದೆ ಹೋಯಿತು. ಇವತ್ತು ಹೋಯಿತು. ನಾಳೆ ನಿಲ್ಲಬಹುದು, ಬಾಗಿಲು ತೆರೆಯಬಹುದು, ಅವನನ್ನು ಒಳಗೆ ತಳ್ಳಬಹುದು. ಅವನಿಗೆ ಅದು ಗೊತ್ತಿತ್ತು.

ಬಹಳ ದೂರ ನಡೆದ ಮೇಲೆ ಅವನು ಮಾತಾಡಿದ. ಮೂರು ವಾರದ ನಂತರ ಮೊದಲ ಸಲ ಅವಳ ಮುಖ ನೋಡಿ.

"ನಿಮ್ಮಪ್ಪ ಭಾರ ಇದ್ದ ಕಣವ್ವಾ."

ಒದಿಲಿಯಾ ನಿಂತುಬಿಟ್ಟಳು.

"ನೀನು ಕೇಳ್ಲೇ ಇಲ್ಲ" ಎಂದ ತೌರಿನೋ. "ಬಂದಾಗ್ನಿಂದ ಕಾಯ್ತಿದ್ದೆ, ಕೇಳ್ತೀಯ ಅಂತ."

ಅವಳು ಅವನ ಕೈಯಿಂದ ಬುತ್ತಿ ತೆಗೆದುಕೊಂಡಳು. "ಈಗ ಕೇಳ್ತೀನಿ ಮಾವ. ಮನೆ ಬಾಗ್ಲಿಂದ ಶುರು ಮಾಡು. ಯಾವ ದಾರೀಲಿ ಹೋದ್ರಿ?"

ತೌರಿನೋ ಬಲ ಹೆಗಲನ್ನು ಒಮ್ಮೆ ಉಜ್ಜಿಕೊಂಡು ಹೇಳತೊಡಗಿದ.